ಮಿತಿಗೆ ಅರ್ಥ ಕೊಟ್ಟ ಮೇಷ್ಟ್ರು: ಕಾರ್ಲ್ ವೈಯರ್‌ಸ್ಟ್ರಾಸ್

ಅಭ್ಯಾಸ ಬೋಧನೆಯ ಎರಡನೆಯ ವಾರ ನಡೆದ ಒಂದು ಪಾಠದಿಂದ ಈ ಲೇಖನ ಹುಟ್ಟಿತು. ನನಗೆ ಹಂಚಿಕೆಯಾಗಿದ್ದ ಸಂಯುಕ್ತ ಪದವಿಪೂರ್ವ ಕಾಲೇಜಿನಲ್ಲಿ ಪ್ರೌಢಶಾಲಾ ತರಗತಿಗಳ ಜೊತೆಗೆ ಪ್ರಥಮ ಪಿಯುಸಿಯ ಕೆಲವು ಗಣಿತ ಪೀರಿಯಡ್‌ಗಳನ್ನು ತೆಗೆದುಕೊಳ್ಳಲು ಅಲ್ಲಿನ ಉಪನ್ಯಾಸಕರು ಅವಕಾಶ ಕೊಟ್ಟಿದ್ದರು. ಘಟಕ: ಮಿತಿಗಳು. ಪಾಠಯೋಜನೆ ಚೆನ್ನಾಗಿಯೇ ಬರೆದಿದ್ದೆ. ಪೀಠಿಕೆ, ಉದ್ದೇಶಗಳು, ಚಟುವಟಿಕೆ, ಮೌಲ್ಯಮಾಪನ ಎಲ್ಲವೂ ಕಾಲಂ ಪ್ರಕಾರ ಇದ್ದವು.

ಬೋರ್ಡಿನ ಮೇಲೆ ಮೊದಲ ಲೆಕ್ಕ ಬರೆದೆ. (ಎಕ್ಸ್² − 4) ÷ (ಎಕ್ಸ್ − 2), ಎಕ್ಸ್ 2ರ ಕಡೆಗೆ ಹೋದಾಗ ಇದರ ಮಿತಿ ಎಷ್ಟು? ನೇರವಾಗಿ 2 ಹಾಕಿದರೆ 0/0 ಬರುತ್ತದೆ, ಅದಕ್ಕೆ ಅರ್ಥವಿಲ್ಲ. ಆದ್ದರಿಂದ ಅಂಶವನ್ನು (ಎಕ್ಸ್ − 2)(ಎಕ್ಸ್ + 2) ಎಂದು ಬಿಡಿಸಿ, ಮೇಲೆ ಕೆಳಗೆ ಇರುವ ಎಕ್ಸ್ − 2 ಅನ್ನು ಹೊಡೆದುಹಾಕಿ, ಉಳಿದ ಎಕ್ಸ್ + 2ರಲ್ಲಿ 2 ಹಾಕಿದೆ. ಉತ್ತರ 4. ಎಲ್ಲರೂ ಬರೆದುಕೊಂಡರು.

ಮೂರನೆಯ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಬರೆದುಕೊಳ್ಳಲಿಲ್ಲ. ಎದ್ದು ನಿಂತು ಒಂದು ಪ್ರಶ್ನೆ ಕೇಳಿದಳು. ಎಕ್ಸ್ − 2 ಅನ್ನು ಹೊಡೆದುಹಾಕುವಾಗ ಅದು ಸೊನ್ನೆಯಲ್ಲ ಎಂದು ಹೇಳಿದಿರಿ, ಮರುಸಾಲಿನಲ್ಲೇ ಎಕ್ಸ್‌ಗೆ 2 ಹಾಕಿ ಅದನ್ನು ಸೊನ್ನೆ ಮಾಡಿದಿರಿ, ಹಾಗಾದರೆ ಇವೆರಡರಲ್ಲಿ ಯಾವುದು ನಿಜ ಮಿಸ್ ಎಂದಳು. ನನ್ನ ಬಳಿ ಉತ್ತರ ಇರಲಿಲ್ಲ. ಮಿತಿ ಅಂದರೆ ಹತ್ತಿರ ಹೋಗುವುದು, ಮುಟ್ಟುವುದಲ್ಲ ಎಂದು ಏನೋ ಹೇಳಿದೆ. ಹಾಗಾದರೆ 2 ಹಾಕಿದ್ದು ಯಾಕೆ ಎಂದು ಅವಳು ಮತ್ತೆ ಕೇಳಿದಳು. ಪರೀಕ್ಷೆಗೆ ಇಷ್ಟು ಸಾಕು, ಕೂತುಕೋ ಎಂದುಬಿಟ್ಟೆ. ಅವಳು ಕೂತಳು. ಹಿಂದಿನ ಬೆಂಚಿನಲ್ಲಿದ್ದ ನಮ್ಮ ಬೋಧನಾ ವಿಧಾನದ ಉಪನ್ಯಾಸಕರು ವೀಕ್ಷಣಾ ಪುಸ್ತಕದಲ್ಲಿ ಏನೋ ಬರೆದುಕೊಳ್ಳುವುದು ಕಾಣಿಸಿತು.

ಸಂಜೆ ಅವರು ನನ್ನನ್ನು ಬೈಯಲಿಲ್ಲ. ಆ ಪ್ರಶ್ನೆಗೆ ಗಣಿತಜ್ಞರಿಗೇ ನೂರೈವತ್ತು ವರ್ಷ ಹಿಡಿಯಿತು, ಉತ್ತರ ಕೊಟ್ಟವರಲ್ಲಿ ಒಬ್ಬರು ಶಾಲಾಮೇಷ್ಟ್ರು, ಅವರ ಜೀವನ ಓದಿ ಬಂದು ಅದೇ ಪಾಠವನ್ನು ಮತ್ತೊಮ್ಮೆ ಮಾಡು ಎಂದರು. ಹಾಗೆ ನಾನು ಓದಿದ್ದು ಕಾರ್ಲ್ ವೈಯರ್‌ಸ್ಟ್ರಾಸ್ ಅವರ ಜೀವನ.

ದಾರಿ ತಪ್ಪಿದ ಮಗ

ವೈಯರ್‌ಸ್ಟ್ರಾಸ್ ಹುಟ್ಟಿದ್ದು 1815ರ ಅಕ್ಟೋಬರ್ 31ರಂದು, ಈಗಿನ ಜರ್ಮನಿಯ ವೆಸ್ಟ್‌ಫಾಲಿಯಾ ಪ್ರಾಂತದ ಓಸ್ಟನ್‌ಫೆಲ್ಡೆ ಎಂಬ ಸಣ್ಣ ಊರಿನಲ್ಲಿ. ತಂದೆ ವಿಲ್‌ಹೆಲ್ಮ್ ಮೊದಲು ಮೇಯರ್ ಕಚೇರಿಯಲ್ಲಿ ಕಾರ್ಯದರ್ಶಿ, ಆಮೇಲೆ ತೆರಿಗೆ ಇಲಾಖೆಯ ನೌಕರ. ವರ್ಗಾವಣೆಯಾದಂತೆಲ್ಲ ಸಂಸಾರ ಊರೂರು ತಿರುಗಿತು. ನಾಲ್ಕು ಮಕ್ಕಳಲ್ಲಿ ಕಾರ್ಲ್ ಹಿರಿಯವರು. ಅವರಿಗೆ ಹನ್ನೆರಡು ತುಂಬುವ ಮೊದಲೇ, 1827ರಲ್ಲಿ, ತಾಯಿ ತೀರಿಕೊಂಡರು.

ಪಾಡರ್‌ಬಾರ್ನ್ ಊರಿನ ಶಾಲೆಯಲ್ಲಿ ಓದುವಾಗ ಮನೆಯ ಖರ್ಚಿಗೆ ನೆರವಾಗಲೆಂದು ಒಬ್ಬ ವ್ಯಾಪಾರಿಯ ಬಳಿ ಲೆಕ್ಕ ಬರೆಯುವ ಕೆಲಸವನ್ನೂ ಮಾಡಿದರು. ಆದರೂ ಶಾಲೆಯಲ್ಲಿ ಬಹುಮಾನಗಳು ತಪ್ಪಲಿಲ್ಲ. ಆ ಕಾಲದ ದೊಡ್ಡ ಗಣಿತ ಪತ್ರಿಕೆಯಾಗಿದ್ದ ಕ್ರೆಲೆಯವರ ಪತ್ರಿಕೆಯನ್ನು ಶಾಲಾಬಾಲಕನಾಗಿದ್ದಾಗಲೇ ಓದುತ್ತಿದ್ದರು.

ಹುಡುಗ ಲೆಕ್ಕದಲ್ಲಿ ಚುರುಕು ಎಂದು ಕಂಡ ತಂದೆ ಬೇರೆಯದೇ ತೀರ್ಮಾನಕ್ಕೆ ಬಂದರು. ಲೆಕ್ಕ ಬರುವವನು ಸರ್ಕಾರದ ಹಣಕಾಸು ಆಡಳಿತಕ್ಕೆ ಸರಿ ಎಂದು 1834ರಲ್ಲಿ ಬಾನ್ ವಿಶ್ವವಿದ್ಯಾಲಯಕ್ಕೆ ಕಾನೂನು ಮತ್ತು ಅರ್ಥಶಾಸ್ತ್ರ ಓದಲು ಕಳಿಸಿದರು. ಮಗನಿಗೆ ಬೇಕಿದ್ದದ್ದು ಗಣಿತ. ತಂದೆಯ ಎದುರು ಹೇಳುವ ಧೈರ್ಯವೂ ಇಲ್ಲ, ಹೇಳಿದ್ದನ್ನು ಓದುವ ಮನಸ್ಸೂ ಇಲ್ಲ. ನಾಲ್ಕು ವರ್ಷ ಕತ್ತಿವರಸೆ, ಬಿಯರು, ಗೆಳೆಯರ ಕೂಟ ಇವುಗಳಲ್ಲಿ ಕಳೆದುಹೋದವು. ನಡುವೆ ತಾವಾಗಿ ಲಾಪ್ಲಾಸ್ ಅವರ ಖಗೋಳ ಯಂತ್ರಶಾಸ್ತ್ರದಂಥ ಕಠಿಣ ಗ್ರಂಥಗಳನ್ನು ಓದಿದರು. ನಾರ್ವೆಯ ಗಣಿತಜ್ಞ ಆಬೆಲ್ ಬರೆದಿದ್ದ ಒಂದು ಪತ್ರ ಕ್ರೆಲೆಯವರ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಅದನ್ನು ಓದಿದ ಮೇಲೆ ಗಣಿತವೇ ತಮ್ಮ ದಾರಿ ಎಂದು ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಂಡರು. 1838ರಲ್ಲಿ ಪದವಿ ಇಲ್ಲದೆ ಮನೆಗೆ ಮರಳಿದರು.

ಈ ಭಾಗವನ್ನು ನಾನು ಎರಡು ಸಲ ಓದಿದೆ. ಬಿಎಸ್ಸಿಯ ಐದನೆಯ ಸೆಮಿಸ್ಟರಿನಲ್ಲಿ ಎರಡು ಗಣಿತ ಪತ್ರಿಕೆಗಳಲ್ಲಿ ಫೇಲಾಗಿ, ಸೋದರಮಾವನ ಅಡಿಕೆ ಮಂಡಿಯಲ್ಲಿ ಎರಡು ವರ್ಷ ಲೆಕ್ಕ ಬರೆದವಳು ನಾನು. ಆ ಪತ್ರಿಕೆಗಳನ್ನು ಪಾಸು ಮಾಡಿಕೊಂಡು ಬಿಎಡ್‌ಗೆ ಸೇರುವ ಹೊತ್ತಿಗೆ ನನ್ನ ಜೊತೆಯವರು ಕೆಲಸದಲ್ಲಿದ್ದರು. ಈಗಲೂ ತರಗತಿಯಲ್ಲಿ ನನಗಿಂತ ಮೂರು ವರ್ಷ ಚಿಕ್ಕವರ ಜೊತೆ ಕೂರುತ್ತೇನೆ. ಆದ್ದರಿಂದ ಮುಂದೆ ಏನಾಯಿತು ಎಂದು ತಿಳಿಯುವ ಆಸೆ ನನಗೆ ಗಣಿತಕ್ಕಿಂತ ಹೆಚ್ಚಾಗಿಯೇ ಇತ್ತು.

ಮ್ಯೂನ್‌ಸ್ಟರಿನ ಪ್ರಶಿಕ್ಷಣಾರ್ಥಿ

ಮನೆಯಲ್ಲಿ ಎಲ್ಲರೂ ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ ತಂದೆಯ ಪರಿಚಯದವರೊಬ್ಬರು ಒಂದು ದಾರಿ ತೋರಿಸಿದರು. ಮ್ಯೂನ್‌ಸ್ಟರಿನ ಅಕಾಡೆಮಿಯಲ್ಲಿ ಸ್ವಲ್ಪ ಕಾಲ ಓದಿ ಶಿಕ್ಷಕರ ಅರ್ಹತಾ ಪರೀಕ್ಷೆ ಬರೆದರೆ ಶಾಲೆಯಲ್ಲಿ ಕೆಲಸವಾದರೂ ಸಿಗುತ್ತದೆ ಎಂದರು. 1839ರಲ್ಲಿ ವೈಯರ್‌ಸ್ಟ್ರಾಸ್ ಅಲ್ಲಿ ಸೇರಿದರು. ಅಂದರೆ ನಮ್ಮ ಹಾಗೆ, ಬೇರೆ ಬಾಗಿಲುಗಳು ಮುಚ್ಚಿದ ಮೇಲೆ ಮೇಷ್ಟ್ರ ಕೆಲಸಕ್ಕೆ ಬಂದವರು.

ಆದರೆ ಅಲ್ಲಿ ಅವರಿಗೆ ಒಬ್ಬ ಗುರು ಸಿಕ್ಕರು, ಕ್ರಿಸ್ಟೋಫ್ ಗುಡರ್‌ಮನ್. ಆಗ ಹೊಸದಾಗಿದ್ದ ದೀರ್ಘವೃತ್ತೀಯ ಫಂಕ್ಷನ್‌ಗಳ ಬಗ್ಗೆ ಅವರು ಪಾಠ ಮಾಡುತ್ತಿದ್ದರು. ವಿಷಯ ಎಷ್ಟು ಕಷ್ಟದ್ದೆಂದರೆ ಬೇರೆ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಬಿಟ್ಟುಹೋಗಿ ಕೊನೆಗೆ ವೈಯರ್‌ಸ್ಟ್ರಾಸ್ ಒಬ್ಬರೇ ಉಳಿದರು ಎಂದು ಅವರ ಜೀವನಚರಿತ್ರೆ ಬರೆದವರು ಹೇಳುತ್ತಾರೆ.

1841ರ ಅರ್ಹತಾ ಪರೀಕ್ಷೆಗೆ ಅವರು ಬರೆದ ಪ್ರಬಂಧಗಳಲ್ಲಿ ಒಂದು ದೀರ್ಘವೃತ್ತೀಯ ಫಂಕ್ಷನ್‌ಗಳ ಕುರಿತದ್ದು. ನಮಗೆ ಹೆಚ್ಚು ಹತ್ತಿರವಾದ ಇನ್ನೊಂದು ಪ್ರಬಂಧವೂ ಇದೆ. ಅದು ಪ್ರಶ್ನೆಗಳ ಮೂಲಕ ಕಲಿಸುವ ಸಾಕ್ರೆಟಿಸ್ ವಿಧಾನವನ್ನು ಶಾಲಾ ತರಗತಿಯಲ್ಲಿ ಎಷ್ಟರ ಮಟ್ಟಿಗೆ ಬಳಸಬಹುದು ಎಂಬುದರ ಮೇಲೆ. ನಮ್ಮ ಶಿಕ್ಷಣಶಾಸ್ತ್ರದ ಪತ್ರಿಕೆಯಲ್ಲಿ ಇಂದಿಗೂ ಬರಬಹುದಾದ ಪ್ರಶ್ನೆ ಅದು.

ಗಣಿತದ ಪ್ರಬಂಧವನ್ನು ಗುಡರ್‌ಮನ್ ಬಹಳವಾಗಿ ಮೆಚ್ಚಿದರು. ಈ ವಿದ್ಯಾರ್ಥಿಯನ್ನು ಹೊಸ ಶೋಧ ಮಾಡಿದವರ ಸಾಲಿನಲ್ಲಿ ನಿಲ್ಲಿಸಬಹುದು ಎಂಬ ಅರ್ಥ ಬರುವಂತೆ ವರದಿ ಬರೆದರು. ಆದರೆ ಆ ಹೊಗಳಿಕೆ ಎಷ್ಟು ದೊಡ್ಡದು ಎಂಬುದು ವೈಯರ್‌ಸ್ಟ್ರಾಸ್ ಅವರಿಗೆ ಆಗ ತಲುಪಲೇ ಇಲ್ಲ. ಬಹಳ ವರ್ಷಗಳ ಮೇಲೆ ತಿಳಿಯಿತು. ಮೊದಲೇ ತಿಳಿದಿದ್ದರೆ ಆಗಲೇ ಅದನ್ನು ಪ್ರಕಟಿಸುತ್ತಿದ್ದೆ, ಬಹುಶಃ ವಿಶ್ವವಿದ್ಯಾಲಯಕ್ಕೆ ಬೇಗ ಹೋಗುತ್ತಿದ್ದೆ ಎಂದು ಮುಂದೆ ನೆನೆದುಕೊಂಡರಂತೆ. ಪಾಠ ವೀಕ್ಷಿಸಿ ಷರಾ ಬರೆಯುವವರು, ಅದನ್ನು ಪ್ರಶಿಕ್ಷಣಾರ್ಥಿಗೆ ತೋರಿಸದೆ ಫೈಲಿಗೆ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ಕೈಬರಹದಿಂದ ವ್ಯಾಯಾಮದ ತನಕ

ಮ್ಯೂನ್‌ಸ್ಟರಿನಲ್ಲಿ ಒಂದು ವರ್ಷದ ಪ್ರಾಯೋಗಿಕ ಬೋಧನೆ ಮುಗಿಸಿ, 1842ರಲ್ಲಿ ಡಾಯ್ಚ್ ಕ್ರೋನೆ ಎಂಬ ಪುಟ್ಟ ಪಟ್ಟಣದ ಶಾಲೆಗೆ ಹೋದರು. ಆ ಊರು ಈಗ ಪೋಲೆಂಡಿನಲ್ಲಿದೆ, ವಾಲ್ಚ್ ಎಂಬ ಹೆಸರಿನಲ್ಲಿ. ಅಲ್ಲಿ ಅವರು ಕಲಿಸಿದ ವಿಷಯಗಳ ಪಟ್ಟಿ ನೋಡಿದರೆ ನಮ್ಮ ಒಬ್ಬನೇ ಮೇಷ್ಟ್ರಿರುವ ಶಾಲೆ ನೆನಪಾಗುತ್ತದೆ: ಗಣಿತ, ಭೌತಶಾಸ್ತ್ರ, ಜರ್ಮನ್ ಭಾಷೆ, ಸಸ್ಯಶಾಸ್ತ್ರ, ಭೂಗೋಳ, ಇತಿಹಾಸ, ಕೈಬರಹ ಮತ್ತು ವ್ಯಾಯಾಮ. 1848ರಲ್ಲಿ ಬ್ರೌನ್ಸ್‌ಬರ್ಗಿನ ಶಾಲೆಗೆ ಬದಲಾದರು. ಅದೂ ಈಗ ಪೋಲೆಂಡಿನಲ್ಲೇ ಇದೆ. ಒಟ್ಟು ಹದಿನಾಲ್ಕು ವರ್ಷ ಹೀಗೆ ಶಾಲೆಗಳಲ್ಲಿ ಕಳೆದವು. ಮಾತಾಡಲು ಗಣಿತ ಬಲ್ಲ ಸಹೋದ್ಯೋಗಿ ಇರಲಿಲ್ಲ. ಆ ದಿನಗಳ ಒಂಟಿತನವನ್ನು ಅವರು ಕೊನೆಯವರೆಗೂ ಮರೆಯಲಿಲ್ಲ.

ಹಗಲು ಶಾಲೆ, ರಾತ್ರಿ ಸಂಶೋಧನೆ. ಬ್ರೌನ್ಸ್‌ಬರ್ಗಿನಲ್ಲಿ ಒಂದು ಬೆಳಿಗ್ಗೆ ಅವರ ತರಗತಿಯಲ್ಲಿ ಗದ್ದಲವಾಗಿ, ಮೇಷ್ಟ್ರು ಬಂದಿಲ್ಲವೆಂದು ಮುಖ್ಯಸ್ಥರು ಹುಡುಕಿಕೊಂಡು ಅವರ ಕೋಣೆಗೆ ಹೋದರಂತೆ. ಒಳಗೆ ದೀಪ ಉರಿಯುತ್ತಿತ್ತು, ಇವರು ಬರೆಯುತ್ತ ಕೂತಿದ್ದರು, ಬೆಳಗಾಗಿದ್ದೇ ಗೊತ್ತಿರಲಿಲ್ಲ ಎಂದು ಕಥೆ. ತಾವು ಕಂಡುಕೊಂಡದ್ದನ್ನು ಅವರು ಮೊದಮೊದಲು ಅಚ್ಚು ಮಾಡಿಸಿದ್ದು ಶಾಲೆಯ ವಾರ್ಷಿಕ ವರದಿಗಳಲ್ಲಿ. ಸಾಕ್ರೆಟಿಸ್ ವಿಧಾನದ ಪ್ರಬಂಧವೂ ಹಾಗೆಯೇ ಅಚ್ಚಾಯಿತು. ಶಾಲೆಯ ವರದಿಯನ್ನು ಯಾವ ಗಣಿತಜ್ಞ ಓದುತ್ತಾನೆ? ಯಾರೂ ಗಮನಿಸಲಿಲ್ಲ.

1850ರ ಸುಮಾರಿಗೆ ತಲೆಸುತ್ತು ಶುರುವಾಯಿತು. ಒಮ್ಮೊಮ್ಮೆ ಒಂದು ಗಂಟೆಯವರೆಗೂ ಇರುತ್ತಿತ್ತು. ಸುಮಾರು ಹನ್ನೆರಡು ವರ್ಷ ಅದು ಅವರನ್ನು ಕಾಡಿತು.

1854ರಲ್ಲಿ ಕ್ರೆಲೆಯವರ ಪತ್ರಿಕೆಯಲ್ಲಿ ಆಬೆಲ್ ಫಂಕ್ಷನ್‌ಗಳ ಕುರಿತ ಅವರ ಲೇಖನ ಪ್ರಕಟವಾಯಿತು. ಎಲ್ಲಿಯೋ ಮೂಲೆಯ ಶಾಲಾಮೇಷ್ಟ್ರು ಇದನ್ನು ಬರೆದಿದ್ದಾರೆಂದು ಯೂರೋಪಿನ ಗಣಿತಜ್ಞರು ಬೆರಗಾದರು. ಅದೇ ವರ್ಷ ಕ್ಯೋನಿಗ್ಸ್‌ಬರ್ಗ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಪದವಿ ಪತ್ರವನ್ನು ಪ್ರೊಫೆಸರ್ ರಿಷೆಲೋ ತಾವೇ ಬ್ರೌನ್ಸ್‌ಬರ್ಗಿಗೆ ತಂದುಕೊಟ್ಟರು. 1856ರಲ್ಲಿ ಬರ್ಲಿನ್ನಿನ ಕೈಗಾರಿಕಾ ಸಂಸ್ಥೆಯಲ್ಲಿ ಪ್ರಾಧ್ಯಾಪಕ ಹುದ್ದೆ ಸಿಕ್ಕಿತು, ಅದೇ ವರ್ಷ ಬರ್ಲಿನ್ ವಿಶ್ವವಿದ್ಯಾಲಯದಲ್ಲೂ ಸ್ಥಾನ ದೊರೆಯಿತು. ಆಗ ಅವರ ವಯಸ್ಸು 40. ವಿಶ್ವವಿದ್ಯಾಲಯದ ಪೂರ್ಣ ಪ್ರಾಧ್ಯಾಪಕರಾಗಲು 1864ರವರೆಗೆ ಕಾಯಬೇಕಾಯಿತು.

ಹಳೆಯ ಪ್ರಶ್ನೆ

ಈಗ ನನ್ನ ತರಗತಿಯ ಪ್ರಶ್ನೆಗೆ ಬರುತ್ತೇನೆ. ಆ ಹುಡುಗಿ ಕೇಳಿದ್ದನ್ನೇ 1734ರಲ್ಲಿ ಐರ್ಲೆಂಡಿನ ತತ್ತ್ವಜ್ಞಾನಿ, ಬಿಷಪ್ ಜಾರ್ಜ್ ಬರ್ಕ್ಲಿ ಕೇಳಿದ್ದರು ಎಂದು ಓದಿದಾಗ ನನಗೆ ನಾಚಿಕೆಯಾಯಿತು. ನ್ಯೂಟನ್ ಮತ್ತು ಲೈಬ್ನಿಟ್ಸ್ ಕಟ್ಟಿದ ಕಲನಶಾಸ್ತ್ರದಲ್ಲಿ ಒಂದು ಸಣ್ಣ ಹೆಚ್ಚಳವನ್ನು ಮೊದಲು ಸೊನ್ನೆಯಲ್ಲ ಎಂದು ಭಾವಿಸಿ ಅದರಿಂದ ಭಾಗಿಸುತ್ತಾರೆ, ಭಾಗಿಸಿ ಆದಮೇಲೆ ಅದೇ ಹೆಚ್ಚಳವನ್ನು ಸೊನ್ನೆ ಎಂದು ಬಿಟ್ಟುಬಿಡುತ್ತಾರೆ, ಇದು ಎಂಥ ತರ್ಕ ಎಂಬುದು ಅವರ ಆಕ್ಷೇಪ. ಲೆಕ್ಕಗಳ ಉತ್ತರ ಸರಿಯಾಗಿಯೇ ಬರುತ್ತಿತ್ತು. ಗ್ರಹಗಳ ಚಲನೆ, ವಕ್ರರೇಖೆಗಳ ಸ್ಪರ್ಶಕ ಎಲ್ಲವೂ ಸಿಗುತ್ತಿದ್ದವು. ಯಾಕೆ ಸರಿ ಬರುತ್ತದೆ ಎಂಬುದನ್ನು ಮಾತ್ರ ಯಾರೂ ನಿಖರವಾಗಿ ಹೇಳಲಾಗುತ್ತಿರಲಿಲ್ಲ.

1817ರಲ್ಲಿ ಪ್ರಾಗ್ ನಗರದ ಬೋಲ್ಜಾನೋ ಒಂದು ಒಳ್ಳೆಯ ದಾರಿ ಹಿಡಿದರು, ಆದರೆ ಅವರನ್ನು ಓದಿದವರು ಕಡಿಮೆ. 1821ರಲ್ಲಿ ಪ್ಯಾರಿಸಿನ ಕೋಶಿ ತಮ್ಮ ಪಠ್ಯಪುಸ್ತಕದಲ್ಲಿ ಮಿತಿಗೆ ವಿವರಣೆ ಕೊಟ್ಟರು. ಒಂದು ಚರರಾಶಿಯ ಬೆಲೆಗಳು ಒಂದು ಸ್ಥಿರ ಬೆಲೆಯಿಂದ ಬೇಕಾದಷ್ಟು ಕಡಿಮೆ ವ್ಯತ್ಯಾಸಕ್ಕೆ ಬರುವಂತೆ ಹತ್ತಿರವಾಗುತ್ತ ಹೋದರೆ ಆ ಸ್ಥಿರ ಬೆಲೆಯೇ ಮಿತಿ ಎಂಬುದು ಅದರ ಸಾರ. ದೊಡ್ಡ ಹೆಜ್ಜೆಯೇ ಸರಿ. ಆದರೆ ಅದರಲ್ಲಿ ಚಲನೆ ಇದೆ, ಏನೋ ನಡೆದುಕೊಂಡು ಹೋಗುತ್ತಿದೆ. ಮಾತಿನಲ್ಲೇ ನಿಂತಾಗ ಜಾರುವ ಅಪಾಯವೂ ಇದೆ. ಅವಿಚ್ಛಿನ್ನ ಫಂಕ್ಷನ್‌ಗಳನ್ನು ಅನಂತವಾಗಿ ಕೂಡಿಸಿ ಬಂದ ಮೊತ್ತವೂ ಅವಿಚ್ಛಿನ್ನವೇ ಎಂದು ಕೋಶಿ ಹೇಳಿದ್ದಕ್ಕೆ ಅಪವಾದಗಳಿವೆ ಎಂದು 1826ರಲ್ಲಿ ಆಬೆಲ್ ತೋರಿಸಿದರು.

ವೈಯರ್‌ಸ್ಟ್ರಾಸ್ ಆ ಚಲನೆಯನ್ನೇ ತೆಗೆದುಹಾಕಿದರು. 1861ರಲ್ಲಿ ಬರ್ಲಿನ್ನಿನ ಕೈಗಾರಿಕಾ ಸಂಸ್ಥೆಯಲ್ಲಿ ಅವರು ಮಾಡಿದ ಕಲನಶಾಸ್ತ್ರದ ಪಾಠಗಳನ್ನು ಶ್ವಾರ್ಟ್ಸ್ ಎಂಬ ವಿದ್ಯಾರ್ಥಿ ಬರೆದುಕೊಂಡಿದ್ದರು. ಆ ನೋಟ್ಸಿನಲ್ಲಿ ಅವಿಚ್ಛಿನ್ನತೆಯನ್ನು ಎಪ್ಸಿಲಾನ್ ಮತ್ತು ಡೆಲ್ಟಾ ಎಂಬ ಎರಡು ಧನ ಸಂಖ್ಯೆಗಳ ಮೂಲಕ ಹೇಳಲಾಗಿದೆ. ಈ ಭಾಷೆ ಅವರ ತರಗತಿಯಿಂದ ಹೊರಗೆ ಹರಡಿತು. 1872ರಲ್ಲಿ ಹೈನೆಯವರ ಲೇಖನದಲ್ಲಿ ಅಚ್ಚಾಯಿತು. ಇಂದು ನಮ್ಮ ಪುಸ್ತಕಗಳಲ್ಲಿರುವುದು ಅದೇ. ಅಂದರೆ ಕಲನಶಾಸ್ತ್ರದ ತಳಪಾಯದ ಈ ಭಾಷೆ ನಮಗೆ ಉಳಿದು ಬಂದಿರುವುದು ಒಬ್ಬ ವಿದ್ಯಾರ್ಥಿಯ ನೋಟ್‌ಪುಸ್ತಕದ ಮೂಲಕ.

ಅದರ ಅರ್ಥವನ್ನು ನಾನು ಹೀಗೆ ಬಿಡಿಸಿಕೊಂಡೆ. ಎಪ್ಸಿಲಾನ್ ಎಂದರೆ ಉತ್ತರದಲ್ಲಿ ಎಷ್ಟು ತಪ್ಪು ಸಹಿಸಬಹುದು ಎಂಬ ಬೇಡಿಕೆ. ಡೆಲ್ಟಾ ಎಂದರೆ ಎಕ್ಸ್ ಅನ್ನು ಎಷ್ಟು ಸನಿಹದಲ್ಲಿಟ್ಟರೆ ಆ ಬೇಡಿಕೆ ಪೂರೈಸುತ್ತದೆ ಎಂಬ ಉತ್ತರ. ಬೇಡಿಕೆ ಎಷ್ಟೇ ಚಿಕ್ಕದಿರಲಿ, ಅದಕ್ಕೆ ತಕ್ಕ ಸನಿಹವೊಂದು ಇದ್ದೇ ಇರಬೇಕು. ಆ ಸನಿಹದಲ್ಲಿರುವ ಪ್ರತಿಯೊಂದು ಎಕ್ಸ್‌ಗೂ ಮಾತು ನಡೆಯಬೇಕು, ಮಧ್ಯದ ಬಿಂದು ಒಂದನ್ನು ಬಿಟ್ಟು. ಮಿತಿಯ ವ್ಯಾಖ್ಯೆ ಆ ಬಿಂದುವನ್ನು ನೋಡುವುದೇ ಇಲ್ಲ.

ಹುಡುಗಿಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಎಕ್ಸ್ − 2 ಅನ್ನು ಹೊಡೆದುಹಾಕುವಾಗ ನಾವು 2ನ್ನು ಹೊರಗಿಟ್ಟಿದ್ದೇವೆ, ಆದ್ದರಿಂದ ಭಾಗಾಕಾರ ಸರಿ. 2 ಒಂದನ್ನು ಬಿಟ್ಟು ಉಳಿದ ಎಲ್ಲ ಕಡೆ ಹಳೆಯ ಫಂಕ್ಷನ್ನೂ ಎಕ್ಸ್ + 2 ಎಂಬುದೂ ಒಂದೇ. ಮಿತಿ 2ನ್ನು ನೋಡದಿರುವುದರಿಂದ ಎರಡರ ಮಿತಿಯೂ ಒಂದೇ. ಎರಡನೆಯ ಹೆಜ್ಜೆಯಲ್ಲಿ 2 ಹಾಕಿದ್ದು ಹಳೆಯ ಫಂಕ್ಷನ್ನಿಗಲ್ಲ, ಎಕ್ಸ್ + 2 ಎಂಬ ಹೊಸದಕ್ಕೆ. ಅದು ಅವಿಚ್ಛಿನ್ನವಾದ್ದರಿಂದ 2ರಲ್ಲಿ ಅದರ ಬೆಲೆಯೇ ಅದರ ಮಿತಿ. ಎರಡು ಹೆಜ್ಜೆಗೆ ಎರಡು ಬೇರೆ ಬೇರೆ ಕಾರಣಗಳಿವೆ. ನಾನು ಎರಡನ್ನೂ ಒಂದೇ ಸಾಲಿನಲ್ಲಿ ಬರೆದು, ಕಾರಣಗಳನ್ನು ನುಂಗಿದ್ದೆ.

ಬರ್ಲಿನ್ನಿನ ಗುರು

1861ರ ಡಿಸೆಂಬರಿನಲ್ಲಿ ವೈಯರ್‌ಸ್ಟ್ರಾಸ್ ಕುಸಿದುಬಿದ್ದರು. ಸುಮಾರು ಒಂದು ವರ್ಷ ಪಾಠ ಮಾಡಲಾಗಲಿಲ್ಲ. ಮತ್ತೆ ಬಂದಾಗ ನಿಂತು ಬರೆಯುವ ಶಕ್ತಿ ಇರಲಿಲ್ಲ. ಕುರ್ಚಿಯಲ್ಲಿ ಕೂತು ಹೇಳುತ್ತಿದ್ದರು, ಹಿರಿಯ ವಿದ್ಯಾರ್ಥಿಯೊಬ್ಬ ಬೋರ್ಡಿನ ಮೇಲೆ ಬರೆಯುತ್ತಿದ್ದ. ಬೋರ್ಡಿನ ಬಳಕೆಗೆ ನಮಗೆ ಪ್ರತ್ಯೇಕ ಅಂಕಗಳಿವೆ. ಆ ಗುರುವಿಗೆ ಎಷ್ಟು ಅಂಕ ಕೊಡುತ್ತಿದ್ದರೋ! ಆದರೂ ಅವರ ತರಗತಿಗಳಲ್ಲಿ ಸುಮಾರು 250 ಜನ ಕೂರುವ ಕಾಲ ಬಂತು. ಕ್ಯಾಂಟರ್, ಫ್ರೊಬೇನಿಯಸ್, ಮಿಟ್ಟಾಗ್-ಲೆಫ್ಲರ್ ಮುಂತಾದವರು ಅವರ ಬಳಿ ಕಲಿತವರು.

ಅವರು ಪುಸ್ತಕ ಬರೆಯಲು ಅವಸರ ಮಾಡಲಿಲ್ಲ. ತಳಪಾಯವನ್ನು ಮತ್ತೆ ಮತ್ತೆ ತಿದ್ದುತ್ತ ಪಾಠದಲ್ಲೇ ಹೇಳುತ್ತಿದ್ದರು. ಮ್ಯೂನ್‌ಸ್ಟರಿನಲ್ಲಿ 1841ರಲ್ಲಿ ಬರೆದಿಟ್ಟ ಒಂದು ಮುಖ್ಯ ಬರಹ ಅಚ್ಚಾಗಿದ್ದು 1894ರಲ್ಲಿ, ಸಮಗ್ರ ಕೃತಿಗಳ ಮೊದಲ ಸಂಪುಟದಲ್ಲಿ. ನಾವು ಮಾಡ್ಯುಲಸ್‌ಗೆ ಹಾಕುವ ಎರಡು ಲಂಬ ಗೆರೆಗಳನ್ನು ಅವರು 1841ರ ಬರಹದಲ್ಲೇ ಬಳಸಿದ್ದರು. ದಿನವೂ ಹಾಕುವ ಆ ಗೆರೆಗಳು ಒಬ್ಬ ಪ್ರಶಿಕ್ಷಣಾರ್ಥಿಯವು ಎಂದು ನನಗೆ ತಿಳಿದಿರಲಿಲ್ಲ.

1870ರಲ್ಲಿ ರಷ್ಯಾದ ಸೋಫಿಯಾ ಕೋವಲೆವ್‌ಸ್ಕಾಯಾ ಬರ್ಲಿನ್ನಿಗೆ ಬಂದರು. ಹೆಣ್ಣುಮಕ್ಕಳು ವಿಶ್ವವಿದ್ಯಾಲಯದ ತರಗತಿಯಲ್ಲಿ ಕೂರುವಂತಿರಲಿಲ್ಲ. ವೈಯರ್‌ಸ್ಟ್ರಾಸ್ ಮೊದಲು ಕೆಲವು ಕಠಿಣ ಸಮಸ್ಯೆಗಳನ್ನು ಕೊಟ್ಟು ನೋಡಿದರು. ಆಕೆ ಬಿಡಿಸಿ ತಂದ ಮೇಲೆ ವಿಶ್ವವಿದ್ಯಾಲಯದಿಂದ ಅನುಮತಿ ಸಿಗದಿದ್ದರೂ ಮನೆಯಲ್ಲೇ ನಾಲ್ಕು ವರ್ಷ ಪಾಠ ಹೇಳಿದರು. ತರಗತಿಯಲ್ಲಿ ಹೇಳಿದ್ದೆಲ್ಲವನ್ನೂ ಆಕೆಗೆ ಬೇರೆಯಾಗಿ ಹೇಳಿಕೊಟ್ಟರು. 1874ರಲ್ಲಿ ಗ್ಯೋಟಿಂಗನ್ ವಿಶ್ವವಿದ್ಯಾಲಯ ಆಕೆಗೆ ಡಾಕ್ಟರೇಟ್ ಕೊಟ್ಟಿತು. ಮುಂದೆ ಆಕೆ ಸ್ಟಾಕ್‌ಹೋಮ್‌ನಲ್ಲಿ ಪ್ರಾಧ್ಯಾಪಕರಾದರು. 1891ರಲ್ಲಿ, 41ನೆಯ ವಯಸ್ಸಿನಲ್ಲಿ, ಆಕೆ ತೀರಿಕೊಂಡಾಗ ಗುರುವಿಗೆ ತಡೆಯಲಾಗಲಿಲ್ಲ. ಆಕೆ ತಮಗೆ ಬರೆದಿದ್ದ ಪತ್ರಗಳನ್ನೆಲ್ಲ ಸುಟ್ಟುಹಾಕಿದರು.

1872ರ ಜುಲೈ 18ರಂದು ಬರ್ಲಿನ್ ಅಕಾಡೆಮಿಯ ಮುಂದೆ ಅವರು ಒಂದು ವಿಚಿತ್ರ ಫಂಕ್ಷನ್ ಇಟ್ಟರು. ಕೊಸೈನ್ ಅಲೆಗಳನ್ನು ಕೂಡಿಸುತ್ತ ಹೋಗಬೇಕು. ಪ್ರತಿ ಹೊಸ ಅಲೆಯ ಎತ್ತರ ಕಡಿಮೆ, ಆದರೆ ಏರಿಳಿತ ಹೆಚ್ಚು. ಬರುವ ವಕ್ರರೇಖೆ ಎಲ್ಲಿಯೂ ಕಡಿದಿಲ್ಲ, ಆದರೆ ಯಾವ ಬಿಂದುವಿನಲ್ಲೂ ಅದಕ್ಕೆ ಸ್ಪರ್ಶಕ ಎಳೆಯಲಾಗುವುದಿಲ್ಲ. ಅವಿಚ್ಛಿನ್ನ ಎಂದರೆ ಎಲ್ಲ ಬಿಂದುಗಳಲ್ಲೂ ಫಂಕ್ಷನ್ನಿನ ಮಿತಿ ಅದರ ಬೆಲೆಗೆ ಸಮ. ಸ್ಪರ್ಶಕದ ಇಳಿಜಾರು ಇನ್ನೊಂದು ಮಿತಿ, 0/0 ಬಗೆಯದು. ಮೊದಲನೆಯದು ಎಲ್ಲೆಡೆ ಇದ್ದರೂ ಎರಡನೆಯದು ಎಲ್ಲಿಯೂ ಇಲ್ಲದಿರಬಹುದು! ಕಣ್ಣಿಗೆ ಕಾಣುವ ಚಿತ್ರವನ್ನು ನಂಬಿ ಮಿತಿ ಇದ್ದೇ ಇದೆ ಎನ್ನಬಾರದು ಎಂಬುದಕ್ಕೆ ಇದು ಅವರು ಕೊಟ್ಟ ಸಾಕ್ಷಿ.

ಅವರು ಮದುವೆಯಾಗಲಿಲ್ಲ. ಇಬ್ಬರು ತಂಗಿಯರು ಬರ್ಲಿನ್ನಿನಲ್ಲಿ ಜೊತೆಗಿದ್ದರು. ಕೊನೆಯ ಮೂರು ವರ್ಷ ಗಾಲಿಕುರ್ಚಿಯಲ್ಲಿ ಕಳೆದು, 1897ರ ಫೆಬ್ರವರಿ 19ರಂದು ನ್ಯುಮೋನಿಯಾದಿಂದ ತೀರಿಕೊಂಡರು.

ಮರುಪಾಠ

ಮುಂದಿನ ವಾರ ಅದೇ ತರಗತಿಗೆ ಹೋದೆ. ಮೊದಲಿಗೆ, ಹಿಂದಿನ ಪಾಠದಲ್ಲಿ ಕೇಳಿದ ಪ್ರಶ್ನೆ ಸರಿಯಾಗಿತ್ತು, ನನಗೆ ಉತ್ತರ ಗೊತ್ತಿರಲಿಲ್ಲ ಎಂದು ಹೇಳಿದೆ. ಹೇಳುವಾಗ ಗಂಟಲು ಒಣಗಿತ್ತು. ತರಗತಿ ನಗಲಿಲ್ಲ.

ಎಪ್ಸಿಲಾನ್, ಡೆಲ್ಟಾ ಎಂಬ ಹೆಸರು ತೆಗೆಯದೆ ಆಟ ಆಡಿದೆವು. ಅವರು ತಪ್ಪಿನ ಮಿತಿ ಹೇಳಬೇಕು, ನಾನು ಸನಿಹ ಹೇಳಬೇಕು. ಎಕ್ಸ್ ವರ್ಗ, ಎಕ್ಸ್ 3ರ ಕಡೆಗೆ, ಉತ್ತರ 9 ಎಂದು ನನ್ನ ವಾದ. ತಪ್ಪು 0.07ಕ್ಕಿಂತ ಕಡಿಮೆ ಇರಲಿ ಎಂದರು. 3ರಿಂದ ಎರಡೂ ಕಡೆ 0.01 ಒಳಗೆ ಇರಿ ಎಂದೆ. 3.01ರ ವರ್ಗ 9.0601, ತಪ್ಪು 0.0601. 2.99ರ ವರ್ಗ 8.9401, ತಪ್ಪು 0.0599. ಎರಡೂ ಒಳಗೇ ಬಂದವು. ಹೇಗೆ ಸನಿಹ ಸಿಕ್ಕಿತೆಂದು ಕೇಳಿದರು. ವ್ಯತ್ಯಾಸವನ್ನು (ಎಕ್ಸ್ − 3)(ಎಕ್ಸ್ + 3) ಎಂದು ಬಿಡಿಸಿದೆವು. ಎಕ್ಸ್ 3ರಿಂದ 1ಕ್ಕಿಂತ ದೂರ ಹೋಗದಿದ್ದರೆ ಎಕ್ಸ್ + 3 ಏಳನ್ನು ಮೀರದು. ಆದ್ದರಿಂದ ಅವರು ಹೇಳಿದ ತಪ್ಪನ್ನು 7ರಿಂದ ಭಾಗಿಸಿದರೆ ಸಾಕು, ಅದು 1ಕ್ಕಿಂತ ದೊಡ್ಡದಾದರೆ 1 ಎಂದೇ ಇಟ್ಟುಕೊಳ್ಳಬೇಕು. ಕೊನೆಯ ಬೆಂಚಿನ ಹುಡುಗನೊಬ್ಬ ತಪ್ಪು ಸೊನ್ನೆಯೇ ಇರಬೇಕು ಎಂದ. ಎಲ್ಲರೂ ನನ್ನನ್ನು ನೋಡಿದರು. ಅದನ್ನು ಯಾರೂ ಪೂರೈಸಲಾಗದು, ಬೇಡಿಕೆ ಎಷ್ಟು ಚಿಕ್ಕದಾದರೂ ಸರಿ, ಆದರೆ ಸೊನ್ನೆಗಿಂತ ಹೆಚ್ಚಿರಬೇಕು, ಆಟದ ನಿಯಮವೇ ಅದು ಎಂದೆ. ಅವನ ತುಂಟತನದಿಂದಲೇ ವ್ಯಾಖ್ಯೆಯ ಮುಖ್ಯ ಮಾತು ಹೊರಗೆ ಬಂತು.

ಆಮೇಲೆ ಒಂದು ಬಲೆ ಹಾಕಿದೆ. ಸೈನ್ (ಪೈ ÷ ಎಕ್ಸ್), ಎಕ್ಸ್ ಸೊನ್ನೆಯ ಕಡೆಗೆ ಹೋದಾಗ ಏನು? ಎಕ್ಸ್‌ಗೆ 0.1, 0.01, 0.001 ಹಾಕಿ ಪಟ್ಟಿ ಮಾಡಿದರು. ಮೂರಕ್ಕೂ 0 ಬಂತು. ಮಿತಿ ಸೊನ್ನೆ ಎಂದು ಎಲ್ಲರೂ ಕೂಗಿದರು. ಈಗ 2/21, 2/201, 2/2001 ಹಾಕಿ ಎಂದೆ. ಮೂರಕ್ಕೂ 1 ಬಂತು. ಎಷ್ಟೇ ಸನಿಹಕ್ಕೆ ಹೋದರೂ 0 ಆಗುವ ಎಕ್ಸ್‌ಗಳೂ ಇವೆ, 1 ಆಗುವ ಎಕ್ಸ್‌ಗಳೂ ಇವೆ, ಆದ್ದರಿಂದ ಮಿತಿಯೇ ಇಲ್ಲ. ಪಟ್ಟಿ ಸುಳಿವು ಕೊಡುತ್ತದೆ, ಸಾಧನೆ ಕೊಡುವುದಿಲ್ಲ. ಪ್ರತಿಯೊಂದು ಎಕ್ಸ್‌ಗೂ ಎಂಬ ಮಾತು ವ್ಯಾಖ್ಯೆಯಲ್ಲಿ ಯಾಕಿದೆ ಎಂಬುದು ನನಗೂ ಅಂದೇ ಪೂರ್ತಿ ಅರ್ಥವಾಯಿತು.

ಕೊನೆಗೆ ಮೊದಲ ಲೆಕ್ಕವನ್ನು ಮತ್ತೆ ಬರೆದೆ. ಈ ಸಲ ಹೊಡೆದುಹಾಕುವ ಸಾಲಿನ ಪಕ್ಕದಲ್ಲಿ ಎಕ್ಸ್ 2 ಅಲ್ಲ ಎಂದೂ, 2 ಹಾಕುವ ಸಾಲಿನ ಪಕ್ಕದಲ್ಲಿ ಎಕ್ಸ್ + 2 ಅವಿಚ್ಛಿನ್ನ ಎಂದೂ ಕಾರಣ ಬರೆದೆ. ಮೂರನೆಯ ಬೆಂಚಿನ ಹುಡುಗಿ ಈ ಸಲ ಬರೆದುಕೊಂಡಳು. ಬರೆದು ಮುಗಿಸಿ, ಅವಿಚ್ಛಿನ್ನ ಅಂತ ಹೇಗೆ ಗೊತ್ತು ಮಿಸ್ ಎಂದು ಕೇಳಿದಳು. ಬೆಲ್ ಹೊಡೆಯಿತು. ನಾಳೆ ಎಂದೆ, ಮತ್ತು ಮರುದಿನ ಅದನ್ನೇ ಮಾಡಿದೆ.

ಪಾಠ ಕುಂದಿಲ್ಲದ್ದಾಗಿರಲಿಲ್ಲ. ಮೌಲ್ಯಮಾಪನಕ್ಕೆ ಸಮಯ ಉಳಿಯಲಿಲ್ಲ, ಕೊನೆಯ ಎರಡು ಬೆಂಚಿನವರಿಗೆ 7ರಿಂದ ಭಾಗಿಸಿದ್ದು ತಲೆಗೆ ಹೋಗಲಿಲ್ಲ. ವೀಕ್ಷಣಾ ಪುಸ್ತಕದಲ್ಲಿ ಇವೆರಡೂ ಬರೆದಿವೆ. ಕೆಳಗೆ ಒಂದು ಒಳ್ಳೆಯ ಮಾತೂ ಇತ್ತು, ಅದನ್ನು ನಮ್ಮ ಉಪನ್ಯಾಸಕರು ನನಗೆ ಅಂದೇ ತೋರಿಸಿದರು.

ಮುಂದಿನ ಬ್ಯಾಚಿನವರಿಗೆ ನಾನು ಹೇಳುವುದು ಇಷ್ಟು. ಮಿತಿಯ ಲೆಕ್ಕ ಮಾಡಿಸುವಾಗ ಹೊಡೆದುಹಾಕುವ ಸಾಲಿಗೂ ಬೆಲೆ ಹಾಕುವ ಸಾಲಿಗೂ ಬೇರೆ ಬೇರೆ ಕಾರಣ ಬರೆಯಿರಿ. ಪಟ್ಟಿಯನ್ನು ಸಾಧನೆ ಎಂದು ಹೇಳಬೇಡಿ. ಪ್ರಶ್ನೆ ಕೇಳಿದ ಮಗುವಿಗೆ ಪರೀಕ್ಷೆಗೆ ಇಷ್ಟು ಸಾಕು ಎನ್ನಬೇಡಿ. ತಡವಾಗಿ ಈ ವೃತ್ತಿಗೆ ಬಂದೆವೆಂದು ಕುಗ್ಗುವವರು ಯಾರಾದರೂ ಇದ್ದರೆ, 26ನೆಯ ವರ್ಷದ ಹೊತ್ತಿಗೆ ಶಿಕ್ಷಕರ ಪರೀಕ್ಷೆ ಬರೆದು, ಕೈಬರಹವನ್ನೂ ವ್ಯಾಯಾಮವನ್ನೂ ಕಲಿಸಿದ ಆ ಮೇಷ್ಟ್ರನ್ನು ಒಮ್ಮೆ ನೆನೆಯಿರಿ.